ಡಬ್ಬಿಯೊಳಗೊಂದು ಸಂಸಾರ: ಮನೆಯ ಮೀನುತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರ್

ಮೀನುತೊಟ್ಟಿಯ ವಿಷಯ ಬಂದಾಗ ಕ್ಯಾಮೆರಾದ ಕಣ್ಣು ಸಹಜವಾಗಿಯೇ ಮೀನಿನ ಕಡೆಗೆ ಹೋಗುತ್ತದೆ. ಬಣ್ಣ, ಓಟ, ಹಸಿರು ಗಿಡಗಳ ನಡುವಿನ ಕಣ್ಣಾಮುಚ್ಚಾಲೆ ಇವೆಲ್ಲ ಪರದೆಯ ಮೇಲೆ ಸೊಗಸಾಗಿ ಕಾಣುತ್ತವೆ. ಆದರೆ ಆ ಮೀನುಗಳ ಪ್ರಾಣವನ್ನು ಹಿಡಿದಿಟ್ಟಿರುವ ವಸ್ತು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ, ಮುಚ್ಚಿದ ಬಾಗಿಲಿನ ಹಿಂದೆ ಸದ್ದಿಲ್ಲದೆ ಕುಳಿತಿರುತ್ತದೆ. ಅದೇ ಕ್ಯಾನಿಸ್ಟರ್ ಫಿಲ್ಟರ್. ಮಾತುಕತೆಯ ಅಲ್ಪ ಸಮಯದಲ್ಲಿ ಅದರ ಒಳಹೊರಗನ್ನು ಪೂರ್ತಿಯಾಗಿ ಹೇಳುವುದು ಸಾಧ್ಯವಾಗುವುದಿಲ್ಲ. ಅದಕ್ಕಾಗಿ ಈ ಪುಟಗಳು.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಮೂರಡಿ ತೊಟ್ಟಿಯಲ್ಲಿ ಆರು ಏಂಜಲ್ ಮೀನುಗಳಿದ್ದವು. ಅವುಗಳಲ್ಲಿ ಒಂದನ್ನು ನನ್ನ ಮಗಳು ಅದು ಕಾಸಿನಗಲದ ಮರಿಯಾಗಿದ್ದಾಗಿನಿಂದ ಸಾಕಿದ್ದಳು. ಒಂದು ಭಾನುವಾರ ಹುರುಪಿನಿಂದ ಫಿಲ್ಟರ್ ಬಿಚ್ಚಿದೆ. ಒಳಗೆ ಕಂದು ಬಣ್ಣದ ಲೋಳೆ ಕಂಡು ಅಸಹ್ಯವಾಯಿತು. ಸ್ಪಂಜು, ಸೆರಾಮಿಕ್ ಉಂಗುರ ಎಲ್ಲವನ್ನೂ ಬಚ್ಚಲಿಗೆ ಒಯ್ದು, ನಲ್ಲಿಯ ನೀರಿನಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ ತೊಳೆದು ಮತ್ತೆ ಜೋಡಿಸಿದೆ. ಸೋಮವಾರ ತೊಟ್ಟಿಯ ನೀರು ಗಾಜಿನಂತೆ ಹೊಳೆಯುತ್ತಿತ್ತು. ಮಂಗಳವಾರ ಸಂಜೆಯ ಹೊತ್ತಿಗೆ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಉಳಿದದ್ದು ಎರಡು. ಮಗಳ ಮೀನು ಆ ಎರಡರಲ್ಲಿ ಇರಲಿಲ್ಲ.

ನೀರು ಅಷ್ಟು ತಿಳಿಯಾಗಿದ್ದರೂ ಮೀನು ಸತ್ತದ್ದೇಕೆ? ಈ ಪ್ರಶ್ನೆಗೆ ಉತ್ತರ ತಿಳಿದರೆ ಕ್ಯಾನಿಸ್ಟರ್ ಫಿಲ್ಟರನ್ನು ಜೋಡಿಸುವ ಬಗೆಯೂ, ಅದು ಕೆಟ್ಟಾಗ ಸರಿಪಡಿಸುವ ಬಗೆಯೂ ಬಹುಮಟ್ಟಿಗೆ ತಿಳಿದಂತೆಯೇ. ನಾನು ಕೊಳೆ ಎಂದು ತಿಳಿದು ತೊಳೆದು ಹಾಕಿದ್ದೇ ನಿಜವಾದ ಫಿಲ್ಟರ್ ಆಗಿತ್ತು.

ಸೋಸುವುದಷ್ಟೇ ಕೆಲಸವಲ್ಲ

ಮೀನು ತಿಂದ ಆಹಾರದಲ್ಲಿರುವ ಪ್ರೋಟೀನಿನ ತ್ಯಾಜ್ಯವನ್ನು ಮುಖ್ಯವಾಗಿ ಅಮೋನಿಯಾ ರೂಪದಲ್ಲಿ, ಅದೂ ಬಹುಪಾಲು ಕಿವಿರುಗಳ ಮೂಲಕ ಹೊರಹಾಕುತ್ತದೆ. ಕೆರೆ, ಹೊಳೆಗಳಲ್ಲಿ ಇದು ಅಪಾರ ನೀರಿನಲ್ಲಿ ಬೆರೆತು ಹೋಗುತ್ತದೆ. ನೂರು ಲೀಟರಿನ ಗಾಜಿನ ತೊಟ್ಟಿಯಲ್ಲಿ ಹೋಗಲು ಜಾಗವೆಲ್ಲಿ? ಅಮೋನಿಯಾ ಬಣ್ಣವಿಲ್ಲದ್ದು. ಎಷ್ಟೇ ನವಿರಾದ ಬಟ್ಟೆಯಲ್ಲಿ ಸೋಸಿದರೂ ನಿಲ್ಲುವುದಿಲ್ಲ. ತಿಳಿಯಾದ ನೀರು ಶುದ್ಧವಾದ ನೀರಲ್ಲ ಎಂಬ ಮಾತು ಮೀನು ಸಾಕುವವರ ಮೊದಲ ಪಾಠವಾಗಬೇಕು.

ಅಮೋನಿಯಾದ ವಿಷ ನೀರಿನ ಗುಣವನ್ನು ಅವಲಂಬಿಸಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನೀರಿನ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಹೆಚ್ಚು ವಿಷಕಾರಿಯಾದ ಭಾಗ ಶೇಕಡಾ ಒಂದಕ್ಕಿಂತಲೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದೇ ಭಾಗ ಶೇಕಡಾ 5ಕ್ಕೂ ಮೀರುತ್ತದೆ, ಅಂದರೆ ಸುಮಾರು ಒಂಬತ್ತು ಪಟ್ಟು. ನಮ್ಮಲ್ಲಿ ಅನೇಕ ಮನೆಗಳು ಕೊಳವೆಬಾವಿಯ ಗಡುಸು ನೀರನ್ನೇ ಬಳಸುತ್ತವೆ. ಇಂತಹ ನೀರು ಸಾಮಾನ್ಯವಾಗಿ ಕ್ಷಾರೀಯ. ಆದುದರಿಂದ ಈ ಎಚ್ಚರಿಕೆ ನಮಗೆ ಇನ್ನೂ ಮುಖ್ಯ.

ಈ ವಿಷವನ್ನು ನಿವಾರಿಸುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರದಂತೆ ಮಾಡಿ ರಕ್ತವನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೇಟಿನಿಂದ ಅಪಾಯ ಬಹಳ ಕಡಿಮೆ. ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ, ಉಳಿದದ್ದನ್ನು ನಾವು ನೀರು ಬದಲಿಸುವಾಗ ಹೊರಹಾಕುತ್ತೇವೆ.

ಈ ಜೀವಿಗಳ ಕೆಲಸವನ್ನು ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೆ ತೋರಿಸಿಕೊಟ್ಟರು. ಮೀನುತೊಟ್ಟಿಯಲ್ಲಿ ಎರಡನೆಯ ಹಂತದ ಕೆಲಸ ನೈಟ್ರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ್ದೆಂದು ಬಹುಕಾಲ ನಂಬಲಾಗಿತ್ತು. ಅದನ್ನು ಮುಖ್ಯವಾಗಿ ಮಾಡುವುದು ನೈಟ್ರೋಸ್ಪೈರಾ ಎಂಬುದು 1998ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. ನೈಟ್ರೋಸ್ಪೈರಾಗಳಲ್ಲಿ ಕೆಲವು ಎರಡೂ ಹಂತಗಳನ್ನು ಒಂಟಿಯಾಗಿಯೇ ಮುಗಿಸಬಲ್ಲವು ಎಂಬುದು ಗೊತ್ತಾದದ್ದು 2015ರಲ್ಲಿ.

ಈ ಜೀವಿಗಳ ಮೂರು ಸ್ವಭಾವಗಳನ್ನು ನೆನಪಿಡಬೇಕು. ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಗಟ್ಟಿ ಮೇಲ್ಮೈಗೆ ಅಂಟಿ ಲೋಳೆಯ ಪದರವಾಗಿ ಬದುಕುತ್ತವೆ. ಅವು ನಿಧಾನವಾಗಿ ಬೆಳೆಯುತ್ತವೆ. ಮತ್ತು ಅವುಗಳಿಗೆ ಆಮ್ಲಜನಕ ಬೇಕೇ ಬೇಕು. ಮುಂದೆ ಹೇಳುವ ಸಲಹೆಗಳೆಲ್ಲ ಈ ಮೂರರಿಂದಲೇ ಹುಟ್ಟಿದವು.

ಡಬ್ಬಿಯ ರಚನೆ

ಮುಚ್ಚಿದ ಡಬ್ಬಿಯ ಈ ಫಿಲ್ಟರ್ ಬಳಕೆಗೆ ಬಂದದ್ದು 1960ರ ದಶಕದಲ್ಲಿ, ಜರ್ಮನಿಯ ಐಹೈಮ್ ಸಂಸ್ಥೆಯ ಮೂಲಕ. ಇಂದು ಹಲವು ದೇಶಗಳ ಹಲವು ತಯಾರಿಕೆಗಳು ನಮ್ಮ ಅಂಗಡಿಗಳಲ್ಲಿ ಸಿಗುತ್ತವೆ. ರಚನೆ ಮಾತ್ರ ಹೆಚ್ಚು ಕಡಿಮೆ ಒಂದೇ. ಗಾಳಿಯಾಡದಂತೆ ಮುಚ್ಚುವ ಡಬ್ಬಿ, ಒಳಗೆ ಒಂದರ ಮೇಲೊಂದು ಕೂರುವ ಬುಟ್ಟಿಗಳು, ಮುಚ್ಚಳದಲ್ಲಿ ಪುಟ್ಟ ಮೋಟರು, ಮುಚ್ಚಳ ಮತ್ತು ಡಬ್ಬಿಯ ನಡುವೆ ಓ-ರಿಂಗ್ ಎಂಬ ರಬ್ಬರ್ ಬಳೆ, ನೀರು ಬರಲು ಒಂದು ಕೊಳವೆ, ಹೋಗಲು ಇನ್ನೊಂದು. ಕೊಳವೆಗಳಿಗೆ ಪುಟ್ಟ ನಲ್ಲಿಗಳಿರುತ್ತವೆ.

ಇಷ್ಟು ಸಣ್ಣ ಮೋಟರು ನೆಲದ ಮಟ್ಟದಿಂದ ಮೂರು ನಾಲ್ಕು ಅಡಿ ಮೇಲಕ್ಕೆ ನೀರನ್ನು ಎತ್ತುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ನಿಜವಾಗಿ ಅದು ಎತ್ತುವುದೇ ಇಲ್ಲ. ರಾಟೆಯ ಹಗ್ಗದ ಎರಡು ತುದಿಗೂ ಒಂದೇ ತೂಕದ ಕೊಡ ಕಟ್ಟಿದರೆ ಬೆರಳಿನಿಂದ ಎಳೆದರೂ ಹಗ್ಗ ಸರಿಯುತ್ತದೆಯಲ್ಲವೇ? ಇಲ್ಲಿಯೂ ಹಾಗೆಯೇ. ಒಂದು ಕೊಳವೆಯಲ್ಲಿ ಇಳಿಯುವ ನೀರಿನ ಭಾರ ಇನ್ನೊಂದರಲ್ಲಿ ಏರುವ ನೀರಿನ ಭಾರವನ್ನು ಸರಿತೂಗಿಸುತ್ತದೆ. ಕೊಳವೆಯ ಹಾಗೂ ಬುಟ್ಟಿಗಳ ಒಳಗಿನ ಘರ್ಷಣೆಯನ್ನು ಗೆಲ್ಲುವುದಷ್ಟೇ ಮೋಟರಿನ ಪಾಲಿನ ಕೆಲಸ. ಆದರೆ ಈ ಸಮತೋಲ ನಿಲ್ಲಬೇಕಾದರೆ ಎರಡೂ ಕೊಳವೆಗಳು ನೀರಿನಿಂದ ತುಂಬಿರಬೇಕು. ಮಧ್ಯೆ ಗಾಳಿ ಸೇರಿದರೆ ಎಲ್ಲವೂ ಕೆಟ್ಟಿತು. ಫಿಲ್ಟರ್ ‘ಓಡುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಗಾಳಿಯ ದೂರುಗಳೇ.

ಎಷ್ಟು ದೊಡ್ಡದು ಬೇಕು?

ಒಂದು ಲೆಕ್ಕ ಹಾಕೋಣ. 36 ಅಂಗುಲ ಉದ್ದ, 15 ಅಂಗುಲ ಅಗಲ, 15 ಅಂಗುಲ ಎತ್ತರದ ತೊಟ್ಟಿಯ ಗಾತ್ರ ಸುಮಾರು 130 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 110 ಲೀಟರ್ ಇರಬಹುದು. ಗಂಟೆಗೆ ನಾಲ್ಕೈದು ಸಲ ತೊಟ್ಟಿಯ ನೀರೆಲ್ಲ ಫಿಲ್ಟರಿನಲ್ಲಿ ಹಾದುಹೋಗಬೇಕೆಂಬುದು ರೂಢಿಯ ಲೆಕ್ಕ. ಅಂದರೆ ಗಂಟೆಗೆ ಸುಮಾರು 450ರಿಂದ 550 ಲೀಟರ್. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಸಾಮಾನ್ಯವಾಗಿ ಖಾಲಿ ಡಬ್ಬಿಯಲ್ಲಿ ಅಳೆದದ್ದು. ಬುಟ್ಟಿ ತುಂಬಿದ ಮೇಲೆ ಅದು ಸಾಕಷ್ಟು ಇಳಿಯುತ್ತದೆ. ಆದುದರಿಂದ 700-800 ಲೀಟರ್ ಎಂದು ಬರೆದಿರುವುದನ್ನು ಕೊಂಡರೆ ಈ ತೊಟ್ಟಿಗೆ ಸರಿಹೋದೀತು. ಗೋಲ್ಡ್ ಫಿಷ್‌ನಂತೆ ಹೆಚ್ಚು ಗಲೀಜು ಮಾಡುವ ಮೀನುಗಳಿದ್ದರೆ ಇನ್ನೂ ಸ್ವಲ್ಪ ದೊಡ್ಡದು ಒಳ್ಳೆಯದು. ಪ್ರವಾಹದ ವೇಗಕ್ಕಿಂತ ಡಬ್ಬಿಯ ಒಳಗಿನ ಜಾಗ ಮುಖ್ಯ ಎಂಬುದನ್ನು ಮರೆಯಬಾರದು, ಏಕೆಂದರೆ ಆ ಜಾಗವೇ ಬ್ಯಾಕ್ಟೀರಿಯಾಗಳ ವಸತಿ.

ಜೋಡಿಸುವ ಕ್ರಮ

ಡಬ್ಬಿಯನ್ನು ತೊಟ್ಟಿಗಿಂತ ಕೆಳಗೆ, ಸಮತಟ್ಟಾದ ಜಾಗದಲ್ಲಿ ನೇರವಾಗಿ ನಿಲ್ಲಿಸಬೇಕು. ಎಷ್ಟು ಕೆಳಗೆ ಎಂಬ ಮಿತಿಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಡಬ್ಬಿಯ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಬೋಗುಣಿ ಇಡುವುದು ನನ್ನ ಅಭ್ಯಾಸ. ಒಂದು ಹನಿ ಸೋರಿದರೂ ಅದರಲ್ಲಿ ಕಾಣುತ್ತದೆ, ಕಪಾಟಿನ ಹಲಗೆ ಉಬ್ಬುವುದಿಲ್ಲ.

ಇನ್ನು ಬುಟ್ಟಿಗಳನ್ನು ತುಂಬುವ ವಿಚಾರ. ಹೊಸ ಸ್ಪಂಜು, ಉಂಗುರಗಳನ್ನು ದೂಳು ಹೋಗುವಂತೆ ಒಮ್ಮೆ ತೊಳೆಯಿರಿ. ಈಗ ನಲ್ಲಿಯ ನೀರು ಬಳಸಿದರೂ ಬಾಧಕವಿಲ್ಲ, ಇನ್ನೂ ಅಲ್ಲಿ ಯಾರೂ ವಾಸವಾಗಿಲ್ಲ. ಆಮೇಲೆ ನೀರು ಯಾವ ದಿಕ್ಕಿನಲ್ಲಿ ಹರಿಯುತ್ತದೆ ಎಂದು ನೋಡಿಕೊಳ್ಳಬೇಕು. ಬಹಳಷ್ಟು ಡಬ್ಬಿಗಳಲ್ಲಿ ನೀರು ತಳಕ್ಕೆ ಬಂದು ಮೇಲಕ್ಕೆ ಏರುತ್ತದೆ, ಕೆಲವು ತಯಾರಿಕೆಗಳಲ್ಲಿ ಬೇರೆ ಇರುತ್ತದೆ. ನೀರು ಮೊದಲು ಮುಟ್ಟುವ ಬುಟ್ಟಿಗೆ ಒರಟು ಸ್ಪಂಜು. ಎಲೆ, ಮಲ, ಉಳಿದ ಆಹಾರ ಅಲ್ಲಿಯೇ ನಿಲ್ಲಬೇಕು. ಅದರ ನಂತರ ಸೆರಾಮಿಕ್ ಉಂಗುರ ಅಥವಾ ರಂಧ್ರಗಳಿರುವ ಗುಂಡುಗಳು, ಅಂದರೆ ಬ್ಯಾಕ್ಟೀರಿಯಾಗಳ ಮನೆ. ಕೊನೆಗೆ ಬೇಕಿದ್ದರೆ ತೆಳುವಾಗಿ ಹರಡಿದ ಪಾಲಿಯೆಸ್ಟರ್ ಹತ್ತಿ. ಈ ಕ್ರಮ ತಿರುವುಮುರುವಾದರೆ ಉಂಗುರಗಳ ರಂಧ್ರಗಳು ಕೆಸರಿನಿಂದ ಮುಚ್ಚಿಹೋಗುತ್ತವೆ. ಹತ್ತಿಯನ್ನು ದಿಂಬಿಗೆ ತುಂಬುವಂತೆ ಒತ್ತಿ ತುಂಬಬೇಡಿ.

ಇದ್ದಿಲಿನ ಪೊಟ್ಟಣವನ್ನು ಅನೇಕರು ಕಡ್ಡಾಯವೆಂದು ಭಾವಿಸುತ್ತಾರೆ. ಮೀನಿಗೆ ಔಷಧ ಹಾಕಿ ಮುಗಿದ ಮೇಲೆ ಅದರ ಉಳಿಕೆಯನ್ನು ತೆಗೆಯಲು, ನೀರಿನ ಹಳದಿ ಬಣ್ಣ ಕಳೆಯಲು ಸಕ್ರಿಯ ಇದ್ದಿಲು ಉಪಯುಕ್ತ. ದಿನನಿತ್ಯಕ್ಕೆ ಅಗತ್ಯವಿಲ್ಲ. ಔಷಧ ಹಾಕುವಾಗ ಇದ್ದಿಲು ಒಳಗಿದ್ದರೆ ಔಷಧವನ್ನೇ ಅದು ನುಂಗಿಬಿಡಬಹುದು.

ಮುಚ್ಚಳ ಹಾಕುವ ಮುನ್ನ ಓ-ರಿಂಗನ್ನು ಬೆರಳಿನಿಂದ ಸುತ್ತಲೂ ಸವರಿ ನೋಡಿ. ಒಂದು ಕೂದಲು, ಒಂದು ಮರಳ ಕಣ ಸಾಕು ರಾತ್ರಿಯಿಡೀ ಹನಿಯಲು. ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ರಬ್ಬರ್ ಒಣಗುವುದಿಲ್ಲ. ಅಡುಗೆ ಎಣ್ಣೆ ಬೇಡ. ಕೊಳವೆಯ ತುದಿ ಬಿಗಿಯಾಗಿದ್ದು ಕೂರದಿದ್ದರೆ ಬಿಸಿನೀರಿನಲ್ಲಿ ಅರೆಕ್ಷಣ ಅದ್ದಿ, ಮೆತ್ತಗಾದಾಗ ತೊಡಿಸಿ. ಕೊಳವೆಗಳು ಆದಷ್ಟು ಗಿಡ್ಡವಾಗಿರಲಿ, ಎಲ್ಲಿಯೂ ಮಡಿಚಿಕೊಳ್ಳದಿರಲಿ.

ನೀರೆಳೆಯುವ ಜಾಲರಿಯನ್ನು ಮರಳಿನಿಂದ ಮೂರು ಅಂಗುಲವಾದರೂ ಮೇಲಿಡಿ. ಮರಳು ಒಳಗೆ ಹೋಗದಿರುವುದು ಒಂದು ಲಾಭ. ಎಂದಾದರೂ ಹೊರಕೊಳವೆ ಕಳಚಿ ನೀರು ನೆಲಕ್ಕೆ ಹರಿದರೆ, ಜಾಲರಿಯ ಮಟ್ಟಕ್ಕೆ ಬಂದು ಹರಿವು ನಿಲ್ಲುತ್ತದೆ, ಮೀನಿಗೆ ಅಷ್ಟಾದರೂ ನೀರು ಉಳಿಯುತ್ತದೆ ಎಂಬುದು ಇನ್ನೊಂದು. ನೀರು ಹಿಂತಿರುಗುವ ಕೊಳವೆಯ ಬಾಯಿಯನ್ನು ಮೇಲ್ಮೈ ಅಲುಗಾಡುವಂತೆ ಇಡಬೇಕು. ಆಮ್ಲಜನಕ ನೀರಿನೊಳಕ್ಕೆ ಬೆರೆಯುವುದು ಆ ಅಲುಗಾಟದಿಂದಲೇ.

ಈಗ ನೀರು ತುಂಬಿಸುವ ಹಂತ. ಹೊರಕೊಳವೆಯ ಬಾಯಿ ಸದ್ಯಕ್ಕೆ ನೀರಿನ ಮೇಲಿರಲಿ, ಒಳಗಿನ ಗಾಳಿ ಅದರ ಮೂಲಕ ಹೋಗಬೇಕು. ಎರಡೂ ನಲ್ಲಿಗಳನ್ನು ತೆರೆದು, ಡಬ್ಬಿಯ ಮೇಲಿನ ಗುಂಡಿಯನ್ನು ಒತ್ತಿ ಅಥವಾ ಕೈಪಿಡಿಯ ವಿಧಾನದಂತೆ ನೀರನ್ನು ಎಳೆಯಿರಿ. ಒಮ್ಮೆ ನೀರು ಕೊಳವೆಯ ಬಾಗು ದಾಟಿ ಇಳಿಯತೊಡಗಿದರೆ ಡಬ್ಬಿ ತಾನಾಗಿ ತುಂಬುತ್ತದೆ. ಗುಳುಗುಳು ಸದ್ದು ಪೂರ್ತಿ ನಿಂತ ಮೇಲೆ, ಎರಡು ನಿಮಿಷ ಕಾದು, ಆಗ ಮಾತ್ರ ವಿದ್ಯುತ್ ಕೊಡಬೇಕು. ನೀರಿಲ್ಲದೆ ತಿರುಗಿದ ಮೋಟರು ಬೇಗ ಸವೆಯುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಮೂರು ಮಾತು. ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು, ಬಳಸಿ ಮೇಲೇರುವಂತಿರಲಿ. ತಂತಿಯ ಗುಂಟ ಇಳಿದ ನೀರು ಆಗ ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಆ ಸಾಕೆಟ್ಟಿಗೆ ಭೂಸಂಪರ್ಕವೂ, ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ರಕ್ಷಣೆಯೂ ಇರಲಿ. ನೀರಿಗೆ ಕೈ ಹಾಕುವ ಮುನ್ನ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು.

ಮೊದಲ ದಿನ ಇನ್ನೊಂದು ಕೆಲಸ ಮಾಡಿಡಿ. ಹೊರಕೊಳವೆಯ ಬಾಯಿಯನ್ನು ನೀರಿನ ಮಟ್ಟದಲ್ಲಿಯೇ ಒಂದು ಲೀಟರಿನ ಪಾತ್ರೆಗೆ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿ. ಏಳು ಸೆಕೆಂಡಾದರೆ ಗಂಟೆಗೆ 500 ಲೀಟರಿಗೆ ಸ್ವಲ್ಪ ಹೆಚ್ಚು, ಹತ್ತು ಸೆಕೆಂಡಾದರೆ 360 ಲೀಟರ್. ಆ ಸಂಖ್ಯೆಯನ್ನು ದಿನಾಂಕದೊಂದಿಗೆ ಮುಚ್ಚಳದ ಮೇಲೆ ಬರೆದು ಅಂಟಿಸಿ. ಮುಂದೆ ಫಿಲ್ಟರಿನ ನಾಡಿ ನೋಡಲು ಇದೇ ಆಧಾರ.

ಮೊದಲ ಆರು ವಾರ

ಡಬ್ಬಿ ಓಡತೊಡಗಿದ ದಿನ ಅದು ಬರಿಯ ಜರಡಿ. ಬ್ಯಾಕ್ಟೀರಿಯಾಗಳ ಸಂಸಾರ ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಹೊಸ ತೊಟ್ಟಿಗೆ ಅದೇ ಸಂಜೆ ಇಪ್ಪತ್ತು ಮೀನು ತಂದು ಬಿಡುವವರು ಎರಡನೆಯ ವಾರ ಅವುಗಳಲ್ಲಿ ಅರ್ಧವನ್ನು ಕಳೆದುಕೊಂಡು, ಮೀನು ಕೆಟ್ಟದಿತ್ತೆಂದು ಅಂಗಡಿಯವರನ್ನು ದೂರುತ್ತಾರೆ. ಎರಡು ಮೂರು ಗಟ್ಟಿಮುಟ್ಟಾದ ಸಣ್ಣ ಮೀನುಗಳಿಂದ ಆರಂಭಿಸಿ, ಆಹಾರ ಕಡಿಮೆ ಹಾಕಿ, ವಾರಕ್ಕೆ ಎರಡು ಬಾರಿ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆ ಮಾಡಿ. ಪರೀಕ್ಷೆಯ ದ್ರಾವಣಗಳು ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುತ್ತವೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆಯೇ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ಮೀನುಗಳನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬಹುದು.

ಪರಿಚಯದವರ ಮನೆಯಲ್ಲಿ ಆರೋಗ್ಯವಾದ ಹಳೆಯ ತೊಟ್ಟಿ ಇದ್ದರೆ, ಅವರ ಫಿಲ್ಟರಿನಿಂದ ಒಂದು ಹಿಡಿ ಉಂಗುರಗಳನ್ನು ಅದೇ ತೊಟ್ಟಿಯ ನೀರಿನಲ್ಲಿ ತಂದು ನಿಮ್ಮ ಬುಟ್ಟಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದಂತೆ. ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ.

ಈ ದಿನಗಳಲ್ಲಿ ನೀರು ಹಾಲು ಬೆರೆಸಿದಂತೆ ಮಬ್ಬಾಗುವುದುಂಟು. ಗಾಬರಿಯಾಗಿ ಫಿಲ್ಟರ್ ಬಿಚ್ಚಬೇಡಿ. ಅದು ನೀರಿನಲ್ಲಿ ತೇಲುವ ಬೇರೆ ಬ್ಯಾಕ್ಟೀರಿಯಾಗಳ ತಾತ್ಕಾಲಿಕ ಹೆಚ್ಚಳ, ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ನೀರು ಹಸಿರಾದರೆ ಅದು ಪಾಚಿ, ತಪ್ಪು ಫಿಲ್ಟರಿನದಲ್ಲ, ಕಿಟಕಿಯ ಬಿಸಿಲಿನದು ಅಥವಾ ಹೆಚ್ಚು ಹೊತ್ತು ಉರಿಯುವ ದೀಪದ್ದು.

ತೊಂದರೆಗಳು ಮತ್ತು ಪರಿಹಾರ

ಹರಿವು ಕಡಿಮೆಯಾಗುವುದು: ಮುಚ್ಚಳದ ಮೇಲೆ ಬರೆದ ಸೆಕೆಂಡುಗಳು ಒಂದೂವರೆ ಪಟ್ಟಾದರೆ ಗಮನ ಕೊಡಬೇಕು. ಹುಡುಕುವಾಗ ಸುಲಭವಾದದ್ದರಿಂದ ಆರಂಭಿಸಿ. ಜಾಲರಿಗೆ ಎಲೆ ಅಂಟಿದೆಯೇ? ನಲ್ಲಿ ಅರ್ಧ ಮುಚ್ಚಿದೆಯೇ? ಕೊಳವೆ ಮಡಿಚಿದೆಯೇ? ಕೊಳವೆಯ ಒಳಗೆ ಲೋಳೆ ಕಟ್ಟಿದೆಯೇ? ಇವು ಯಾವುವೂ ಅಲ್ಲದಿದ್ದರೆ ಹತ್ತಿ, ಆಮೇಲೆ ಸ್ಪಂಜು. ಕೊನೆಗೆ ಮೋಟರಿನ ರೆಕ್ಕೆಚಕ್ರ. ನಮ್ಮ ಗಡುಸು ನೀರಿನಲ್ಲಿ ಈ ಚಕ್ರಕ್ಕೂ ಅದರ ಕಡ್ಡಿಗೂ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಕೆಲವು ಗಂಟೆ ವಿನೆಗರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ತೊಳೆದರೆ ಹೋಗುತ್ತದೆ. ಕಡ್ಡಿ ಸೆರಾಮಿಕ್ಕಿನದಾದರೆ ಜೋಕೆ, ಸ್ವಲ್ಪ ಬಾಗಿಸಿದರೂ ಪಟ್ಟೆಂದು ಮುರಿಯುತ್ತದೆ.

ಸದ್ದು: ಹೊಸದಾಗಿ ಜೋಡಿಸಿದಾಗ ಬರುವ ಗರಗರ ಸದ್ದು ಒಳಗೆ ಉಳಿದ ಗಾಳಿಯದು. ಡಬ್ಬಿಯನ್ನು ಮೆಲ್ಲನೆ ಆ ಕಡೆ ಈ ಕಡೆ ವಾಲಿಸಿ, ಅಥವಾ ಕೆಲವು ಸೆಕೆಂಡು ಆರಿಸಿ ಮತ್ತೆ ಹಾಕಿ. ಗುಳ್ಳೆಗಳು ಹೊರಬಿದ್ದು ಸದ್ದು ಅಡಗುತ್ತದೆ. ದಿನಗಟ್ಟಲೆ ಕಟಕಟ ಎಂದರೆ ಚಕ್ರದಲ್ಲಿ ಮರಳು ಸಿಕ್ಕಿರಬಹುದು ಅಥವಾ ಕಡ್ಡಿ ಮುರಿದಿರಬಹುದು. ಗುಂಯ್ ಎನ್ನುತ್ತಾ ತಿರುಗದೇ ಇದ್ದರೆ ಚಕ್ರ ಸಿಕ್ಕಿಕೊಂಡಿದೆ ಅಥವಾ ವೋಲ್ಟೇಜ್ ತೀರ ಇಳಿದಿದೆ. ಕೂಡಲೇ ಪ್ಲಗ್ ಕೀಳಿ.

ಬಿಡದೆ ಬರುವ ಗುಳ್ಳೆಗಳು: ಗಾಳಿ ಬಿಡುವ ಕಲ್ಲು ಜಾಲರಿಯ ಪಕ್ಕದಲ್ಲಿದ್ದರೆ ದೂರ ಸರಿಸಿ. ನೀರು ಆರಿ ಜಾಲರಿಯ ಮಟ್ಟ ಮುಟ್ಟಿದೆಯೇ ನೋಡಿ. ಎರಡೂ ಅಲ್ಲದಿದ್ದರೆ ಒಳಕೊಳವೆ ತೊಟ್ಟಿಯ ಅಂಚನ್ನು ದಾಟುವ ಕಡೆಯ ಜೋಡಣೆಯನ್ನು ಪರೀಕ್ಷಿಸಿ. ನೀರಿನ ಮಟ್ಟಕ್ಕಿಂತ ಮೇಲಿರುವ ಆ ಭಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಜೋಡಣೆ ಸಡಿಲವಿದ್ದರೆ ಅಲ್ಲಿ ನೀರು ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಹೀಗಾಗಿ ಈ ದೋಷ ಕಣ್ಣಿಗೆ ಬೀಳುವುದು ಕಷ್ಟ.

ಸೋರಿಕೆ: ಹತ್ತರಲ್ಲಿ ಎಂಟು ಸಲ ಓ-ರಿಂಗಿನದೇ. ತೆಗೆದು, ಒರೆಸಿ, ತಿರುಚದಂತೆ ಮತ್ತೆ ಕೂರಿಸಿ. ಬಿರುಕು ಕಂಡರೆ ಹೊಸದು ಹಾಕಿ. ಒಂದು ಹೆಚ್ಚುವರಿ ಬಳೆಯನ್ನೂ ಒಂದು ರೆಕ್ಕೆಚಕ್ರವನ್ನೂ ಫಿಲ್ಟರ್ ಕೊಳ್ಳುವಾಗಲೇ ತಂದಿಡುವುದು ಜಾಣತನ. ಕೆಟ್ಟ ದಿನ ಅಂಗಡಿಗೆ ಓಡಿದರೆ ಆ ಅಳತೆಯದು ಸಿಗುವ ಭರವಸೆಯಿಲ್ಲ.

ವಿದ್ಯುತ್ ಹೋದಾಗ

ವಿದ್ಯುತ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದ ಊರುಗಳಲ್ಲಿ ಕ್ಯಾನಿಸ್ಟರ್ ಫಿಲ್ಟರಿನ ದೊಡ್ಡ ಶತ್ರು ಇದು. ಕಾರಣ ಸರಳ, ಡಬ್ಬಿ ಮುಚ್ಚಿದೆ. ಒಂದು ಲೀಟರ್ ಗಾಳಿಯಲ್ಲಿ 270 ಮಿಲಿಗ್ರಾಮಿನಷ್ಟು ಆಮ್ಲಜನಕವಿದ್ದರೆ, 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಏಳೂವರೆಗೂ ಕಡಿಮೆ. ನಾಲ್ಕು ಲೀಟರ್ ನೀರು ಹಿಡಿಯುವ ಡಬ್ಬಿಯಲ್ಲಿ ಒಟ್ಟು 30 ಮಿಲಿಗ್ರಾಂ ಎಂದಾಯಿತು. ಬ್ಯಾಕ್ಟೀರಿಯಾಗಳಿಗಾದರೋ ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕವನ್ನು ನೈಟ್ರೇಟ್ ಮಾಡಲು ನಾಲ್ಕೂವರೆ ಮಿಲಿಗ್ರಾಮಿನಷ್ಟು ಆಮ್ಲಜನಕ ಬೇಕು. ಸ್ಪಂಜಿನಲ್ಲಿ ಕೊಳೆಯುತ್ತಿರುವ ವಸ್ತುಗಳೂ ಪಾಲು ಕೇಳುತ್ತವೆ. ಹರಿವು ನಿಂತರೆ ಹೊಸ ಆಮ್ಲಜನಕ ಬರುವ ದಾರಿಯೇ ಇಲ್ಲ.

ಹಾಗೆಂದು ಅರ್ಧ ಗಂಟೆಗೆಲ್ಲ ಬ್ಯಾಕ್ಟೀರಿಯಾ ಸಾಯುತ್ತವೆ ಎಂದಲ್ಲ. ಆದರೆ ಕೆಲವು ಗಂಟೆಗಳಲ್ಲಿ ಒಳಗಿನ ನೀರು ಹಳಸಿ, ಆಮ್ಲಜನಕವಿಲ್ಲದೆ ಬದುಕುವ ಬೇರೆ ಸೂಕ್ಷ್ಮಜೀವಿಗಳು ಕೆಲಸ ಆರಂಭಿಸುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ವಿದ್ಯುತ್ ಬಂದೊಡನೆ ಮೋಟರು ತಾನಾಗಿ ಓಡಿ ಆ ನೀರನ್ನೆಲ್ಲ ಒಂದೇ ಬಾರಿಗೆ ತೊಟ್ಟಿಗೆ ಸುರಿಯುತ್ತದೆ. ರಾತ್ರಿ ಚೆನ್ನಾಗಿದ್ದ ಮೀನು ಬೆಳಿಗ್ಗೆ ಸತ್ತಿರುವುದಕ್ಕೆ ಇದೂ ಒಂದು ಕಾರಣ.

ಏನು ಮಾಡಬೇಕು? ಒಂದು ಗಂಟೆಯೊಳಗಿನ ಕಡಿತಕ್ಕೆ ಏನೂ ಬೇಡ. ಎರಡು ಗಂಟೆ ಮೀರುವಂತಿದ್ದರೆ ಮೊದಲು ಪ್ಲಗ್ ಕೀಳಿ. ನಲ್ಲಿಗಳನ್ನು ಮುಚ್ಚಿ, ಡಬ್ಬಿಯನ್ನು ಬಿಡಿಸಿ ಮುಚ್ಚಳ ತೆರೆಯಿರಿ. ಉಂಗುರಗಳ ಬುಟ್ಟಿಯನ್ನು ಅಗಲವಾದ ತಟ್ಟೆಯಲ್ಲಿ ತೊಟ್ಟಿಯ ನೀರಿನಿಂದ ಒದ್ದೆಯಾಗಿಡಿ. ಒದ್ದೆಯಾಗಿ ಗಾಳಿಗೆ ತೆರೆದಿದ್ದರೆ ಬ್ಯಾಕ್ಟೀರಿಯಾಗಳಿಗೆ ಉಸಿರು ಸಿಗುತ್ತದೆ. ತೊಟ್ಟಿಗೆ ಬ್ಯಾಟರಿಯ ಗಾಳಿ ಪಂಪ್ ಹಾಕಿ. ಆ ದಿನ ಮೀನಿಗೆ ಆಹಾರ ಬೇಡ. ವಿದ್ಯುತ್ ಬಂದ ಮೇಲೆ ಡಬ್ಬಿಯ ಹಳೆಯ ನೀರನ್ನು ಚೆಲ್ಲಿ, ಬುಟ್ಟಿಗಳನ್ನು ತೊಟ್ಟಿಯ ನೀರಿನಲ್ಲಿ ಒಮ್ಮೆ ಅದ್ದಿ ಜೋಡಿಸಿ, ಮೊದಲಿನಂತೆಯೇ ಗಾಳಿ ಹೊರಡಿಸಿ ಓಡಿಸಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಈ ಫಿಲ್ಟರನ್ನು ಅದಕ್ಕೆ ಜೋಡಿಸುವುದು ಅತ್ಯುತ್ತಮ. ನಮ್ಮ ಮೂರಡಿ ತೊಟ್ಟಿಯ ಅಳತೆಯ ಫಿಲ್ಟರಿಗೆ ಬೇಕಾಗುವುದು ಸಾಮಾನ್ಯವಾಗಿ 10ರಿಂದ 25 ವ್ಯಾಟ್ ಮಾತ್ರ, ಒಂದು ಸಣ್ಣ ದೀಪದಷ್ಟು. ಆದರೆ ಇನ್ವರ್ಟರ್ ಶುದ್ಧ ಸೈನ್ ವೇವ್ ಬಗೆಯದಾಗಿದ್ದರೆ ಒಳ್ಳೆಯದು. ಚೌಕ ಅಲೆಯ ಅಗ್ಗದ ಇನ್ವರ್ಟರುಗಳಲ್ಲಿ ಇಂತಹ ಮೋಟರು ಗುಂಯ್‌ಗುಟ್ಟಿ ಬಿಸಿಯಾಗುವುದುಂಟು.

ತೊಳೆಯುವ ಬಗೆ

ಮತ್ತೆ ನನ್ನ ಆ ಭಾನುವಾರಕ್ಕೆ ಬರೋಣ. ನಗರದ ನಲ್ಲಿ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲಲೆಂದೇ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಅದು ರಕ್ಷೆ. ಅದಕ್ಕೆ ರೋಗಾಣು ಯಾವುದು, ನಮ್ಮ ಉಪಕಾರಿ ಬ್ಯಾಕ್ಟೀರಿಯಾ ಯಾವುದು ಎಂಬ ಭೇದ ತಿಳಿಯದು. ಅದರ ಮೇಲೆ ಉಜ್ಜಾಟ ಬೇರೆ. ಎರಡೂ ಸೇರಿ ತಿಂಗಳುಗಟ್ಟಲೆ ಬೆಳೆದ ಸಂಸಾರ ಒಂದೇ ಗಂಟೆಯಲ್ಲಿ ನಿರ್ನಾಮವಾಯಿತು. ಮೀನುಗಳು ಎಂದಿನಂತೆ ತಿಂದವು, ಅಮೋನಿಯಾ ಬಿಟ್ಟವು. ತೆಗೆದುಕೊಳ್ಳುವವರು ಯಾರೂ ಇರಲಿಲ್ಲ.

ಸರಿಯಾದ ಕ್ರಮ ಹೀಗಿದೆ. ನೀರು ಬದಲಿಸುವ ದಿನ ತೊಟ್ಟಿಯಿಂದ ತೆಗೆದ ನೀರನ್ನು ಚೆಲ್ಲದೆ ಒಂದು ಬಕೆಟ್ಟಿನಲ್ಲಿ ಇಟ್ಟುಕೊಳ್ಳಿ. ಸ್ಪಂಜನ್ನು ಅದರಲ್ಲಿ ನಾಲ್ಕೈದು ಸಲ ಹಿಂಡಿ, ಕೆಸರು ಹೋದರೆ ಸಾಕು, ಬಣ್ಣ ಹೋಗಬೇಕಿಲ್ಲ. ಉಂಗುರಗಳನ್ನು ಅದೇ ನೀರಿನಲ್ಲಿ ಮೆಲ್ಲನೆ ಅಲುಗಿಸಿ. ಒಂದು ಬಾರಿಗೆ ಸ್ಪಂಜು, ಮುಂದಿನ ಬಾರಿಗೆ ಉಂಗುರ ಎಂದು ಸರದಿ ಮಾಡಿಕೊಂಡರೆ ಇನ್ನೂ ಕ್ಷೇಮ. ಹತ್ತಿಯೊಂದನ್ನು ಮಾತ್ರ ಎಸೆದು ಹೊಸದು ಹಾಕಿ. ಉಂಗುರಗಳು ಪುಡಿಯಾಗುವವರೆಗೆ ಬದಲಿಸುವ ಅಗತ್ಯವಿಲ್ಲ. ಬದಲಿಸಲೇಬೇಕಾದರೆ ಅರ್ಧ ಈಗ, ಉಳಿದರ್ಧ ಒಂದೆರಡು ತಿಂಗಳ ಬಳಿಕ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕೆಂಬುದನ್ನು ಪಂಚಾಂಗ ನೋಡಿ ನಿರ್ಧರಿಸಬೇಡಿ, ಮುಚ್ಚಳದ ಮೇಲಿನ ಸೆಕೆಂಡುಗಳನ್ನು ನೋಡಿ ನಿರ್ಧರಿಸಿ. ಸಾಮಾನ್ಯ ತೊಟ್ಟಿಗೆ ಆರೇಳು ವಾರಕ್ಕೊಮ್ಮೆ ಬೇಕಾದೀತು. ತೊಟ್ಟಿಗೆ ಹಾಕುವ ಹೊಸ ನೀರಿನ ಕ್ಲೋರಿನ್ನನ್ನು ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣದಿಂದ ಮೊದಲೇ ಕಳೆದಿರಬೇಕು, ಇಲ್ಲವೇ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟಿರಬೇಕು.

ಇಷ್ಟಾದರೂ ಒಂದು ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಫಿಲ್ಟರ್ ಬಿಚ್ಚುವುದಕ್ಕೆ ಮೊದಲು ಮೂರು ಕೆಲಸ ಮಾಡಿ. ಆಹಾರ ನಿಲ್ಲಿಸಿ. ಕ್ಲೋರಿನ್ ಕಳೆದ, ಸುಮಾರು ಅದೇ ಉಷ್ಣತೆಯ ನೀರಿನಿಂದ ಮೂರನೆಯ ಒಂದರಿಂದ ಅರ್ಧದವರೆಗೆ ನೀರು ಬದಲಿಸಿ. ಮೇಲ್ಮೈ ಚೆನ್ನಾಗಿ ಅಲುಗುವಂತೆ ಮಾಡಿ. ಆಮೇಲೆ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ. ಅವೆರಡೂ ಇಳಿಯುವವರೆಗೆ ದಿನವೂ ಹೀಗೆಯೇ ನೀರು ಬದಲಿಸುತ್ತಿರಬೇಕು. ಅಂದು ನನಗೆ ಇಷ್ಟು ತಿಳಿದಿದ್ದರೆ ಇನ್ನೂ ಕೆಲವು ಮೀನು ಉಳಿಯುತ್ತಿದ್ದವು.

ಆ ಎರಡು ಏಂಜಲ್‌ಗಳು ಆಮೇಲೆ ಬಹಳ ದಿನ ಬದುಕಿದವು. ಇಂದಿಗೂ ನಮ್ಮ ಮನೆಯಲ್ಲಿ ಫಿಲ್ಟರ್ ತೊಳೆಯುವ ದಿನ ನಲ್ಲಿಯ ಹತ್ತಿರ ಯಾರೂ ಹೋಗುವುದಿಲ್ಲ. ತೊಟ್ಟಿಯ ಪಕ್ಕದಲ್ಲಿ ಒಂದು ಬಕೆಟ್ ಹಳೆಯ ನೀರು ಇಟ್ಟುಕೊಂಡು ಕೂರುತ್ತೇವೆ. ಸ್ಪಂಜು ಹಿಂಡುವ ಕೆಲಸ ಮಗಳದು. ಎಷ್ಟು ಹಿಂಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.